ಕೊರಿಯಾ ಯುದ್ಧದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್: ಡಾಕ್ಟರಲ್ಲದ ಆ ಸಿಪಾಯಿಗಳ ಬಗ್ಗೆ ಮಾತಾಡೋಣ ಬನ್ನಿ

ಮಂಡ್ಯದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು ನಾನು. ಈಗ ಕೊರಿಯಾ ಯುದ್ಧದ ಬಗ್ಗೆ ಓದುತ್ತಿದ್ದೇನೆ. ಓದಿದಷ್ಟೂ ಒಂದು ವಿಷಯ ಕಾಡುತ್ತಿದೆ, ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಯುದ್ಧ ಅಂದ ಕೂಡಲೇ ನಮ್ಮ ಮಾತು ಪಲ್ಟನ್ನು, ಟ್ಯಾಂಕು, ವಿಮಾನದ ಕಡೆ ಹೋಗುತ್ತದೆ. ಸೇನೆಯ ವೈದ್ಯಕೀಯ ದಳದ ಮಾತು ಬಂದರೂ ಒಬ್ಬಿಬ್ಬರು ದೊಡ್ಡ ಡಾಕ್ಟರ ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಆದರೆ ಡಾಕ್ಟರ ಮೇಜಿನವರೆಗೆ ಗಾಯಾಳುವನ್ನು ಹೊತ್ತು ತಂದವರು ಯಾರು? ದಾರಿಯಲ್ಲಿ ರಕ್ತ ನಿಲ್ಲಿಸಿದವರು ಯಾರು? ಆಪರೇಷನ್ ಆದ ಮೇಲೆ ರಾತ್ರಿಯೆಲ್ಲಾ ಪಕ್ಕದಲ್ಲಿ ಕೂತು ನಾಡಿ ನೋಡಿದವರು ಯಾರು?

1950ರ ನವೆಂಬರ್‌ನಲ್ಲಿ ಭಾರತದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಕೊರಿಯಾದ ಬುಸಾನ್ ಬಂದರಿನಲ್ಲಿ ಇಳಿಯಿತು. ಒಟ್ಟು 346 ಜನ. ಅವರಲ್ಲಿ ಯುದ್ಧಭೂಮಿಯ ಸರ್ಜನ್‌ಗಳು ನಾಲ್ವರು, ಅರಿವಳಿಕೆ ಕೊಡುವವರು ಇಬ್ಬರು, ಹಲ್ಲಿನ ಡಾಕ್ಟರ್ ಒಬ್ಬರು. ಉಳಿದ ಡಾಕ್ಟರುಗಳನ್ನು ಸೇರಿಸಿಕೊಂಡರೂ ಅವರ ಸಂಖ್ಯೆ ಬಹಳ ಕಡಿಮೆ. ಮಿಕ್ಕ ಮುನ್ನೂರಕ್ಕೂ ಹೆಚ್ಚು ಜನ ನರ್ಸಿಂಗ್ ಸಿಪಾಯಿಗಳು, ಸ್ಟ್ರೆಚರ್ ಹೊರುವವರು, ಡ್ರೈವರ್‌ಗಳು, ಅಡುಗೆಯವರು, ಗುಮಾಸ್ತರು. ಮೂರು ವರ್ಷಕ್ಕೂ ಮೀರಿ, 1954ರ ಫೆಬ್ರವರಿವರೆಗೆ ಈ ಘಟಕ ಅಲ್ಲಿತ್ತು. ಕೊರಿಯಾದ ಜನಸಾಮಾನ್ಯರನ್ನೂ ಸೇರಿಸಿ 2 ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ, 2,300ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಬೆರಳೆಣಿಕೆಯಷ್ಟು ಡಾಕ್ಟರುಗಳಿಂದಲೇ ಇಷ್ಟು ಕೆಲಸ ಆಗುತ್ತಿತ್ತಾ? ಸಾಧ್ಯವೇ ಇಲ್ಲ.

ಸೇನೆಯಲ್ಲಿದ್ದವರು, ಡಾಕ್ಟರುಗಳು, ಆ ಕಡೆ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಒಬ್ಬ ಸಾಮಾನ್ಯ ಸಿಪಾಯಿಯ ಕೆಲಸ ಹೇಗಿತ್ತು ಅನ್ನುವುದು ನನಗೆ ತಿಳಿಯಬೇಕು.

ತುಮಕೂರು ಓದುಗ

ಮೇಷ್ಟ್ರೇ, ಒಂದು ಪ್ರಶ್ನೆ. ಕೊರಿಯಾ ಯುದ್ಧಕ್ಕೆ ಭಾರತ ಸೈನ್ಯ ಕಳಿಸಲೇ ಇಲ್ಲ ಅಲ್ವಾ? ನೆಹರೂ ಆಗ ಎರಡೂ ಬಣಗಳಿಂದ ದೂರ ಇರಬೇಕು ಅಂದವರು. ಹಾಗಿದ್ದ ಮೇಲೆ ಇದನ್ನು ಯುದ್ಧಸೇವೆ ಅನ್ನಬಹುದಾ? ಆಸ್ಪತ್ರೆ ಸೇವೆ ಅನ್ನಬೇಕಲ್ವಾ? ತಪ್ಪು ತಿಳಿಯಬೇಡಿ, ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಮಂಡ್ಯದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. 1950ರ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣಕ್ಕೆ ನುಗ್ಗಿದಾಗ ವಿಶ್ವಸಂಸ್ಥೆ ಅದನ್ನು ಆಕ್ರಮಣ ಅಂತ ಖಂಡಿಸಿತು. ಭಾರತ ಆ ಮಾತಿಗೆ ಒಪ್ಪಿಗೆ ಕೊಟ್ಟಿತು. ಆದರೆ ಕಾದಾಡುವ ಪಡೆ ಕಳಿಸುವುದಿಲ್ಲ, ವೈದ್ಯಕೀಯ ಘಟಕ ಕಳಿಸುತ್ತೇವೆ ಅಂತ ತೀರ್ಮಾನ ಮಾಡಿತು. ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಇಟಲಿಗಳೂ ಹಾಗೆಯೇ ಬರೀ ವೈದ್ಯಕೀಯ ನೆರವು ಕಳಿಸಿದವು.

ಹಾಗಂತ ನಮ್ಮವರು ಗಡಿಯಿಂದ ದೂರದ ಊರಿನಲ್ಲಿ ಕಟ್ಟಡದೊಳಗೆ ಕೂತಿರಲಿಲ್ಲ. ಫೀಲ್ಡ್ ಆಂಬುಲೆನ್ಸ್ ಅಂದರೆ ಕೆಂಪು ದೀಪದ ಗಾಡಿ ಅಂದುಕೊಳ್ಳುವವರೇ ಜಾಸ್ತಿ. ಇದು ಬ್ರಿಗೇಡಿನ ಬೆನ್ನಿಗೇ ಇರುವ, ಬ್ರಿಗೇಡು ನಡೆದಲ್ಲೆಲ್ಲಾ ನಡೆಯುವ ಒಂದು ಸೇನಾ ಘಟಕ. ಬುಸಾನ್‌ನಲ್ಲಿ ಇಳಿದ ಕೆಲವೇ ದಿನಗಳಲ್ಲಿ ಇವರು ಪ್ಯೊಂಗ್ಯಾಂಗ್‌ಗೆ ಹೋದರು. ಅಷ್ಟರಲ್ಲಿ ಚೀನಾದ ಸೈನ್ಯ ಯಾಲು ನದಿ ದಾಟಿ ಬಂದು ಹೊಡೆಯುತ್ತಿತ್ತು. ವಿಶ್ವಸಂಸ್ಥೆಯ ಪಡೆಗಳೆಲ್ಲಾ ದಕ್ಷಿಣಕ್ಕೆ ಹಿಮ್ಮೆಟ್ಟುತ್ತಿದ್ದವು. ಡಿಸೆಂಬರ್ ಮೊದಲ ವಾರದಲ್ಲಿ ಇವರಿಗೂ ಊರು ಬಿಡಿ ಅಂತ ಆದೇಶ ಬಂತು. ಆದರೆ ಲಾರಿಗಳಿಲ್ಲ. ಆಪರೇಷನ್ ಮೇಜು, ಔಷಧಿ ಪೆಟ್ಟಿಗೆ, ಡೇರೆ, ಸ್ಟ್ರೆಚರ್ ಎಲ್ಲವನ್ನೂ ಬಿಟ್ಟು ಜೀವ ಉಳಿಸಿಕೊಂಡು ಹೋಗಬೇಕು, ಇಲ್ಲವೇ ಏನಾದರೂ ದಾರಿ ಹುಡುಕಬೇಕು. ಸಾಮಾನು ಬಿಟ್ಟು ಹೋದರೆ ಮುಂದೆ ಬರಿಗೈ. ಬರಿಗೈಯ ವೈದ್ಯಕೀಯ ಘಟಕದಿಂದ ಯಾರಿಗೆ ಏನು ಪ್ರಯೋಜನ?

ಸ್ಟೇಷನ್ ಹತ್ತಿರ ಒಂದು ಉಗಿ ಎಂಜಿನ್ನು, ಒಂದಷ್ಟು ಡಬ್ಬಿ ಸಿಕ್ಕಿದವು. ಎಂಜಿನ್ ಓಡಿಸುವುದು ಗೊತ್ತಿದ್ದ ಜವಾನರು ಘಟಕದಲ್ಲೇ ಇದ್ದರು. ಬಾಯ್ಲರಿಗೆ ನೀರು ಬೇಕಲ್ಲ? ಸಾಲಾಗಿ ನಿಂತು ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿ ತುಂಬಿಸಿದರು. ಸಾಮಾನೆಲ್ಲ ಹೇರಿದರು. ಅಮೆರಿಕದವರು ಸೇತುವೆ ಉಡಾಯಿಸುವುದಕ್ಕೆ ಸ್ವಲ್ಪ ಮುಂಚೆ ಆ ರೈಲು ನದಿ ದಾಟಿತು. ಈ ಕಥೆ ಹೇಳುವಾಗ ಎಲ್ಲರೂ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ಧೈರ್ಯ ಹೊಗಳುತ್ತಾರೆ. ಹೊಗಳಲೇಬೇಕು. ನನ್ನ ಕಣ್ಣು ಹೋಗುವುದು ಮಾತ್ರ ಆ ಬಕೆಟ್ ಸಾಲಿನ ಮೇಲೆ. ಕೊರೆಯುವ ಚಳಿ, ಹಿಂದೆ ಶತ್ರು ಸೈನ್ಯ, ತುಳುಕಿದ ನೀರು ಕೈಮೇಲೇ ಹೆಪ್ಪುಗಟ್ಟುವ ಹವೆ. ಆ ಸಾಲಿನಲ್ಲಿ ನಿಂತವರ ಹೆಸರು ನಮಗೆ ಬೇಕಾಗಿಯೇ ಇಲ್ಲವೇನೋ ಅನ್ನುವ ಹಾಗೆ ಚರಿತ್ರೆ ಬರೆದಿದ್ದೇವೆ.

ಅಲ್ಲಿಂದ ಮುಂದೆ ಘಟಕ ಎರಡಾಯಿತು. ಒಂದು ಭಾಗ 27ನೇ ಬ್ರಿಟಿಷ್ ಕಾಮನ್‌ವೆಲ್ತ್ ಬ್ರಿಗೇಡಿನ ಜೊತೆ ಮುಂಚೂಣಿಗೆ ಹೋಯಿತು. ಇನ್ನೊಂದು ಡೇಗು ಊರಿನಲ್ಲಿ ನಿಂತು ಕೊರಿಯಾದ ಗಾಯಾಳು ಸೈನಿಕರಿಗೆ, ನಾಗರಿಕರಿಗೆ ಆಸ್ಪತ್ರೆ ನಡೆಸಿತು. ಯುದ್ಧಸೇವೆ ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ಬೆಳಗಾವಿ ಫೌಜಿ

ಮೇಷ್ಟ್ರಿಗೆ ನಮಸ್ಕಾರ ರೀ. ನಾನು ಎಎಂಸಿಯಲ್ಲಿ, ಅಂದರೆ ಸೇನೆಯ ಆರ್ಮಿ ಮೆಡಿಕಲ್ ಕೋರ್‌ನಲ್ಲಿ, ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ ಹವಾಲ್ದಾರ್ ಆಗಿ ಪೆನ್ಷನ್ ಬಂದವನು. ಕೊರಿಯಾ ನನ್ನ ಹುಟ್ಟಿಗೆ ಮುಂಚಿನದು. ಆದರೆ ಕೆಲಸ ಅದೇ. ಕಾಶ್ಮೀರದಲ್ಲಿ, ಲಡಾಖಿನಲ್ಲಿ ಮಾಡಿದ್ದೇನೆ. ಅದನ್ನು ಹೇಳುತ್ತೇನೆ, ನಿಮಗೆ ಅಂದಾಜು ಸಿಗುತ್ತದೆ.

ಗುಂಡು ಬಿದ್ದ ಕೂಡಲೇ ಮೊದಲ ಪಟ್ಟಿ ಕಟ್ಟುವವನು ಪಕ್ಕದ ಜವಾನ. ಪ್ರತಿಯೊಬ್ಬನ ಹತ್ತಿರ ಒಂದು ಫೀಲ್ಡ್ ಡ್ರೆಸಿಂಗ್ ಪೊಟ್ಟಣ ಇರುತ್ತದೆ. ಗಾಯಾಳುವಿನ ಪೊಟ್ಟಣವನ್ನೇ ಅವನಿಗೆ ಬಳಸಬೇಕು, ನಮ್ಮದನ್ನಲ್ಲ. ನಮ್ಮದು ನಮಗೇ ಬೇಕಾಗಬಹುದು. ಅಲ್ಲಿಂದ ಸ್ಟ್ರೆಚರ್ ಮೇಲೆ ಆರ್‌ಎಪಿಗೆ, ಅಂದರೆ ಪಲ್ಟನ್ನಿನ ಡಾಕ್ಟರ್ ಇರುವ ಬಂಕರಿಗೆ. ಅಲ್ಲಿಂದ ಫೀಲ್ಡ್ ಆಂಬುಲೆನ್ಸಿನ ಎಡಿಎಸ್‌ಗೆ, ಅಂದರೆ ಮುಂಚೂಣಿಗೆ ಹತ್ತಿರದ ಚಿಕಿತ್ಸಾ ಠಾಣೆಗೆ. ಆಮೇಲೆ ಸರ್ಜನ್ ಇರುವ ಜಾಗಕ್ಕೆ. ಈ ದಾರಿಯುದ್ದಕ್ಕೂ ಗಾಯಾಳುವಿನ ಜೊತೆ ಇರುವವನು ನಮ್ಮಂಥ ಸಿಪಾಯಿ.

ಏಕಕಾಲಕ್ಕೆ ನಾಲ್ಕೈದು ಜನ ಬಂದರೆ ಯಾರ ಹತ್ತಿರ ಮೊದಲು ಹೋಗಬೇಕು? ಜೋರಾಗಿ ಕೂಗುವವನ ಹತ್ತಿರ ಅಲ್ಲ. ಕೂಗುತ್ತಿದ್ದಾನೆ ಅಂದರೆ ಉಸಿರು ಆಡುತ್ತಿದೆ ಅಂತ. ಸುಮ್ನೆ ಬಿದ್ದಿರುವವನ ಹತ್ತಿರ ಮೊದಲು ಓಡಬೇಕು. ಹೊಸದಾಗಿ ಬಂದ ಹುಡುಗರಿಗೆ ಇದು ಬಹಳ ಕಷ್ಟ. ಕೂಗು ಕೇಳಿದ ಕಡೆಗೇ ಕಾಲು ಎಳೆಯುತ್ತದೆ.

ಎರಡನೆಯದು, ಎದುರಿಗೆ ಕಾಣುವ ಗಾಯಕ್ಕೆ ಪಟ್ಟಿ ಕಟ್ಟಿ ಸಮಾಧಾನ ಆಗಬಾರದು. ಬೆನ್ನ ಕೆಳಗೆ ಕೈ ಹಾಕಿ ತಡವಿ ನೋಡಬೇಕು. ಕತ್ತಲೆಯಲ್ಲಿ ಟಾರ್ಚ್ ಹಚ್ಚುವ ಹಾಗಿಲ್ಲ. ಅಂಗೈ ಒದ್ದೆ ಆದರೆ ಗುಂಡು ಆಚೆಗೆ ಹೋಗಿದೆ ಅಂತ ಗೊತ್ತಾಗುತ್ತದೆ. ಎದುರಿನ ತೂತು ಕಡಲೆಕಾಳಿನಷ್ಟಿದ್ದರೂ ಬೆನ್ನ ಕಡೆ ದೊಡ್ಡದಾಗಿ ಹರಿದಿರುವುದುಂಟು. ಆ ಕಡೆಯಿಂದಲೇ ಜೀವ ಹೋಗುವುದು.

ಮೂರನೆಯದು ನೀರು. ಹೊಟ್ಟೆಗೆ ಗುಂಡು ಬಿದ್ದವನು ನೀರು ನೀರು ಅಂತ ಕೇಳುತ್ತಾನೆ. ಕೊಡುವ ಹಾಗಿಲ್ಲ. ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಬೇಕು, ಅಷ್ಟೇ. ಅವನು ನಮ್ಮ ಕೈ ಹಿಡಿದು ಬೇಡಿಕೊಳ್ಳುತ್ತಾನೆ. ಅವನ ಮುಖ ನೋಡುತ್ತಾ ಇಲ್ಲ ಅನ್ನಬೇಕು. ಗುಂಡಿನ ಸದ್ದಿಗಿಂತ ನನಗೆ ಇದೇ ಜಾಸ್ತಿ ಕಷ್ಟ ಅನಿಸಿದ್ದು.

ಸ್ಟ್ರೆಚರ್ ಹೊರುವುದೂ ಕಲಿಯುವ ಕೆಲಸವೇ. ನಾಲ್ಕು ಜನ ಕವಾಯತಿನ ಹಾಗೆ ಹೆಜ್ಜೆಗೆ ಹೆಜ್ಜೆ ಹಾಕಿದರೆ ಸ್ಟ್ರೆಚರ್ ತೂಗಾಡುತ್ತದೆ, ಮುರಿದ ಮೂಳೆ ಅಲುಗಾಡುತ್ತದೆ. ಹೆಜ್ಜೆ ತಪ್ಪಿಸಿ ನಡೆಯಬೇಕು. ಸಪಾಟು ದಾರಿಯಲ್ಲಿ, ಇಳಿಜಾರಿನಲ್ಲಿ ಕಾಲು ಮುಂದೆ. ಏರಿನಲ್ಲಿ ತಲೆ ಮುಂದೆ. ಗುಡ್ಡದಲ್ಲಿ ನಾಲ್ಕು ಜನ ಸಾಕಾಗುವುದಿಲ್ಲ, ಬದಲಿ ಜನ ಬೇಕು. ಚಳಿಯಲ್ಲಿ ಸಲೈನ್ ಬಾಟಲಿಯನ್ನು ನಮ್ಮ ಜಾಕೆಟ್ಟಿನೊಳಗೆ ಮೈಗೆ ಒತ್ತಿಕೊಂಡು ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದೆವು. ತಣ್ಣಗಿನ ಸಲೈನ್ ರಕ್ತಕ್ಕೆ ಬಿಟ್ಟರೆ ಉಪಕಾರಕ್ಕಿಂತ ಅಪಾಯ ಜಾಸ್ತಿ.

ಕೊರಿಯಾದಲ್ಲಿ ಈ ಕೆಲಸ ಮೂರು ಚಳಿಗಾಲ ನಡೆಯಿತು ಅಂದರೆ, ಆ ಹಿರಿಯರಿಗೆ ನನ್ನ ಸೆಲ್ಯೂಟ್.

ಶಿವಮೊಗ್ಗ ಡಾಕ್ಟರ್

ಫೌಜಿ ಅಣ್ಣ ಬರೆದದ್ದನ್ನು ನಮ್ಮ ಮೆಡಿಕಲ್ ವಿದ್ಯಾರ್ಥಿಗಳಿಗೆ ಓದಿಸಬೇಕು ಅನಿಸಿತು. ನಾನು ಸರ್ಜನ್. ಗಾಯಾಳು ಎಷ್ಟು ಹೊತ್ತಿಗೆ, ಯಾವ ಸ್ಥಿತಿಯಲ್ಲಿ ನನ್ನ ಕೈಗೆ ಬರುತ್ತಾನೆ ಅನ್ನುವುದರ ಮೇಲೆ ಮುಕ್ಕಾಲು ಪಾಲು ತೀರ್ಮಾನ ಆಗಿಬಿಟ್ಟಿರುತ್ತದೆ. ನನ್ನ ಚಾಕು ಅದಾದ ಮೇಲೆ.

ಒಂದು ಉದಾಹರಣೆ. ಮೊದಲ ಮಹಾಯುದ್ಧದ ಆರಂಭದಲ್ಲಿ ತೊಡೆ ಮೂಳೆಗೆ ಗುಂಡು ಬಿದ್ದು ಮುರಿದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಸಾಗಿಸುವಾಗ ಮೂಳೆಯ ಚೂಪು ತುದಿ ಒಳಗೇ ಕೊಯ್ಯುತ್ತಾ ಹೋಗುತ್ತಿತ್ತು. ಆಮೇಲೆ ಥಾಮಸ್ ಸ್ಪ್ಲಿಂಟ್ ಬಂತು. ಕಬ್ಬಿಣದ ಸರಳಿನ ಸರಳ ಚೌಕಟ್ಟು ಅದು. ತೊಡೆಯ ಬುಡಕ್ಕೆ ಬಳೆ ಕೂರಿಸಿ, ಪಾದವನ್ನು ಎಳೆದು ಕಟ್ಟಿದರೆ ಮೂಳೆ ನೆಟ್ಟಗೆ ನಿಲ್ಲುತ್ತದೆ. ಸಾವು ಶೇ 80ರ ಹತ್ತಿರದಿಂದ ಶೇ 20ರ ಆಸುಪಾಸಿಗೆ ಇಳಿಯಿತು ಅಂತ ನಾವು ಆರ್ಥೋ ಪಾಠದಲ್ಲಿ ಓದುತ್ತೇವೆ. ಅದನ್ನು ಕತ್ತಲೆಯಲ್ಲಿ, ಬೂಟಿನ ಮೇಲೆಯೇ ಕಟ್ಟಲು ಕಲಿತವರು ಸ್ಟ್ರೆಚರ್ ಹೊರುವ ಸಿಪಾಯಿಗಳು. ಪಾಠದಲ್ಲಿ ಥಾಮಸ್ ಹೆಸರಿದೆ. ಕಟ್ಟಿದವರ ಹೆಸರಿಲ್ಲ.

ಇನ್ನು ಕೊರಿಯಾದ ಚಳಿ. 1950ರ ಚಳಿಗಾಲದಲ್ಲಿ ಉತ್ತರದ ಗುಡ್ಡಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗಿತ್ತು. ಚೋಸಿನ್ ಜಲಾಶಯದ ಕದನದಲ್ಲಿ ಅಮೆರಿಕದ ವೈದ್ಯ ಸಹಾಯಕರು ಮಾರ್ಫಿನ್ ಟ್ಯೂಬು ಹೆಪ್ಪುಗಟ್ಟದಿರಲಿ ಅಂತ ಬಾಯಲ್ಲಿ ಇಟ್ಟುಕೊಂಡು ಓಡಾಡಿದರು. ಚಳಿಯಲ್ಲಿ ಇನ್ನೊಂದು ಅಪಾಯ ಇದೆ. ಮೈ ತಣ್ಣಗಿದ್ದಾಗ ಚರ್ಮದ ಕೆಳಗೆ ಕೊಟ್ಟ ಮಾರ್ಫಿನ್ ರಕ್ತಕ್ಕೆ ಸೇರುವುದೇ ಇಲ್ಲ. ನೋವು ಹೋಗಲಿಲ್ಲ ಅಂತ ಇನ್ನೊಬ್ಬ ಮತ್ತೊಂದು ಕೊಡುತ್ತಾನೆ. ಡೇರೆಗೆ ಬಂದು ಮೈ ಬಿಸಿಯಾದ ಕೂಡಲೇ ಎಲ್ಲವೂ ಒಟ್ಟಿಗೆ ರಕ್ತಕ್ಕೆ ಇಳಿದು ಉಸಿರು ನಿಲ್ಲುತ್ತದೆ. ಅದಕ್ಕೇ ಮಾರ್ಫಿನ್ ಕೊಟ್ಟವನ ಹಣೆಯ ಮೇಲೆ ಗುರುತು ಹಾಕಿ, ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಯುತ್ತಾರೆ. ಆ ಒಂದು ಸಾಲು ಬರೆಯಲು ಮರೆಯದ ಸಿಪಾಯಿ ಒಂದು ಜೀವ ಉಳಿಸಿದ ಹಾಗೆ.

ಅಮೆರಿಕದ ಸೇನೆಯ ಲೆಕ್ಕದಲ್ಲಿ, ಆಸ್ಪತ್ರೆ ಮುಟ್ಟಿದ ಗಾಯಾಳುಗಳಲ್ಲಿ ಸತ್ತವರು ಎರಡನೇ ಮಹಾಯುದ್ಧದಲ್ಲಿ ಶೇ 4.5, ಕೊರಿಯಾದಲ್ಲಿ ಶೇ 2.5. ಹೆಲಿಕಾಪ್ಟರು, ರಕ್ತ ನಿಧಿ, ಮುಂಚೂಣಿಗೆ ಹತ್ತಿರ ಬಂದ ಸರ್ಜನ್‌ಗಳು ಎಲ್ಲವೂ ಕಾರಣ. ಹೆಲಿಕಾಪ್ಟರ್ ಇಳಿಯುವ ಜಾಗದವರೆಗೆ ಹೊತ್ತು ತರಬೇಕಾದದ್ದು ಮನುಷ್ಯನೇ.

ತುಮಕೂರು ಓದುಗ

ಇಷ್ಟೆಲ್ಲಾ ಗೊತ್ತಿರಲಿಲ್ಲ, ಧನ್ಯವಾದ. ಇನ್ನೊಂದು ಸಂದೇಹ. ಹೆಸರಿನಲ್ಲಿ ‘ಪ್ಯಾರಾ’ ಇದೆ. ಇವರು ನಿಜವಾಗಿಯೂ ಪ್ಯಾರಾಶೂಟ್ ಕಟ್ಟಿಕೊಂಡು ಯುದ್ಧಭೂಮಿಗೆ ಹಾರಿದರಾ? ರೆಡ್‌ಕ್ರಾಸ್ ಪಟ್ಟಿ ಕಟ್ಟಿಕೊಂಡವರ ಕೈಯಲ್ಲಿ ಬಂದೂಕು ಇರಬಹುದಾ?

ಮಂಡ್ಯದ ಮೇಷ್ಟ್ರು

ಹಾರಿದರು. 1951ರ ಮಾರ್ಚ್ 23. ಸೋಲ್ ನಗರದ ಉತ್ತರಕ್ಕೆ ಮುನ್‌ಸಾನ್ ಅನ್ನುವ ಕಡೆ ಅಮೆರಿಕದ 187ನೇ ಏರ್‌ಬೋರ್ನ್ (ಪ್ಯಾರಾಶೂಟ್) ರೆಜಿಮೆಂಟ್ ಇಳಿಯಿತು. ಕಾರ್ಯಾಚರಣೆಯ ಹೆಸರು ಟೊಮಾಹಾಕ್. 3,000ಕ್ಕೂ ಹೆಚ್ಚು ಪ್ಯಾರಾ ಸೈನಿಕರು. ಅವರ ಜೊತೆ ನಮ್ಮ 60ನೇ ಘಟಕದ 12 ಜನ, ರಂಗರಾಜ್ ಅವರೂ ಸೇರಿ. ಇಳಿದ ಕೂಡಲೇ ಅಲ್ಲೇ ಆಪರೇಷನ್ ಜಾಗ ಸಿದ್ಧ ಮಾಡಿ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ನಡೆಸಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಅವರು 1941ರಲ್ಲೇ ಪ್ಯಾರಾಶೂಟ್ ಜಿಗಿತ ಮಾಡಿದ ಮೊದಲ ಭಾರತೀಯರಲ್ಲಿ ಒಬ್ಬರು. ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಇನ್ನೊಬ್ಬರು. ಅಲ್ಲಿಯೂ ಒಬ್ಬ ಡಾಕ್ಟರ ಪಕ್ಕದಲ್ಲಿ ಒಬ್ಬ ಜವಾನ.

ಆ 12 ಜನರಲ್ಲಿ ಅಧಿಕಾರಿಗಳಲ್ಲದವರೂ ಇದ್ದರು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಡಾಕ್ಟರ್ ಹಾರಿದ ವಿಮಾನದಿಂದಲೇ ಸಿಪಾಯಿಯೂ ಹಾರಿದ. ಡಾಕ್ಟರಿಗೆ ತಗುಲಬಹುದಾದ ಗುಂಡು ಅವನಿಗೂ ತಗುಲಬಹುದಿತ್ತು. ಇವರು ಹಾಕಿಕೊಳ್ಳುತ್ತಿದ್ದ ಪ್ಯಾರಾಗಳ ಮರೂನ್ ಟೋಪಿಯಿಂದಾಗಿ ಇವರಿಗೆ ‘ಮರೂನ್ ಏಂಜಲ್ಸ್’ ಅಂತ ಹೆಸರು ಬಂತು.

ಬೆಳಗಾವಿ ಫೌಜಿ

ಬಂದೂಕಿನ ಬಗ್ಗೆ ನಾನು ಹೇಳುತ್ತೇನೆ. 1949ರ ಜಿನೀವಾ ಒಪ್ಪಂದದ ಪ್ರಕಾರ ವೈದ್ಯಕೀಯ ದಳದವರ ಮೇಲೆ ಹಲ್ಲೆ ಮಾಡಬಾರದು. ನಾವೂ ಯಾರ ಮೇಲೂ ದಾಳಿಗೆ ಹೋಗುವ ಹಾಗಿಲ್ಲ. ಆದರೆ ನಮ್ಮನ್ನು, ನಮ್ಮ ಕೈಯಲ್ಲಿರುವ ಗಾಯಾಳುಗಳನ್ನು ಕಾಪಾಡಿಕೊಳ್ಳಲು ಸಣ್ಣ ಆಯುಧ ಇಟ್ಟುಕೊಳ್ಳಬಹುದು. ಎಎಂಸಿ ಜವಾನನಿಗೂ ಎಲ್ಲರ ಹಾಗೆ ಫೈರಿಂಗ್ ಕಲಿಸುತ್ತಾರೆ.

ಇನ್ನೊಂದು ನಿಯಮ ಇದೆ. ಗಾಯಾಳು ಶತ್ರು ಆದರೂ ಅವನ ಸರದಿ ಗಾಯ ನೋಡಿ ತೀರ್ಮಾನ ಆಗಬೇಕು, ಸಮವಸ್ತ್ರ ನೋಡಿ ಅಲ್ಲ. ನಮ್ಮ ಹುಡುಗನಿಗೆ ಕಾಲಿಗೆ ಏಟು, ಆ ಕಡೆಯವನಿಗೆ ಎದೆಗೆ ಏಟು ಅಂದರೆ ಆ ಕಡೆಯವನು ಮೊದಲು. ಪುಸ್ತಕದಲ್ಲಿ ಬರೆಯುವುದು ಸುಲಭ. ಸುತ್ತ ನಿಂತ ನಮ್ಮವರ ಕಣ್ಣೆದುರಿಗೆ ಹಾಗೆ ಮಾಡುವುದಕ್ಕೆ ಗಟ್ಟಿ ಮನಸ್ಸು ಬೇಕು.

ಸೋಲ್‌ನಿಂದ

ಕೆಲಸಕ್ಕೆ ಅಂತ ಕೊರಿಯಾದಲ್ಲಿದ್ದೇನೆ. ಈ ಚರ್ಚೆ ನೋಡಿ ಬಹಳ ಖುಷಿಯಾಯಿತು. ಇಲ್ಲಿನ ನೆಲದ ಬಗ್ಗೆ ಒಂದೆರಡು ಮಾತು.

ನಕಾಶೆ ನೋಡಿದರೆ ಗೊತ್ತಾಗುವುದಿಲ್ಲ, ಇದು ಪೂರಾ ಗುಡ್ಡದ ದೇಶ. ಗಾಪ್ಯೊಂಗ್ ಕಣಿವೆಗೆ ಹೋಗಿ ನಿಂತರೆ ಎರಡೂ ಕಡೆ ಕಡಿದಾದ ಗುಡ್ಡ, ನಡುವೆ ಹೊಳೆ. 1951ರ ಏಪ್ರಿಲ್ 22ರಿಂದ 25ರವರೆಗೆ 27ನೇ ಬ್ರಿಗೇಡು ಇಲ್ಲಿ ಚೀನಾದ ಪಡೆಯನ್ನು ತಡೆದು ನಿಲ್ಲಿಸಿತು. ಆಸ್ಟ್ರೇಲಿಯಾ, ಕೆನಡಾದ ಪಲ್ಟನ್ನುಗಳು ಗುಡ್ಡದ ಮೇಲೆ, ನ್ಯೂಜಿಲೆಂಡಿನ ಫಿರಂಗಿಗಳು ಕೆಳಗೆ. ಆ ಬ್ರಿಗೇಡಿನ ಫೀಲ್ಡ್ ಆಂಬುಲೆನ್ಸ್ ನಮ್ಮದು. ಹೀಗಾಗಿ ಇಲ್ಲಿ ಗಾಯಗೊಂಡ ಆಸ್ಟ್ರೇಲಿಯಾದ ಹುಡುಗನಿಗೆ ಪಟ್ಟಿ ಬದಲಿಸಿದ ಕೈ ಭಾರತದ ಸಿಪಾಯಿಯದ್ದು.

ಗುಡ್ಡದಿಂದ ಗಾಯಾಳುಗಳನ್ನು ಇಳಿಸುವುದರಲ್ಲಿ ಕೊರಿಯಾದ ಕೂಲಿಯಾಳುಗಳ ಪಾಲು ಬಹಳ ದೊಡ್ಡದು. ಇಲ್ಲಿ ‘ಚಿಗೆ’ ಅಂತ ಮರದ ಚೌಕಟ್ಟು ಇದೆ, ರೈತರು ಬೆನ್ನಿಗೆ ಕಟ್ಟಿಕೊಂಡು ಸೌದೆ ಹೊರುವಂಥದ್ದು. ಅದರ ಮೇಲೆ ಮದ್ದುಗುಂಡು, ಊಟ ಹೊತ್ತು ಮೇಲೆ ಹೋಗುತ್ತಿದ್ದರು, ಬರುವಾಗ ಗಾಯಾಳುಗಳನ್ನು ಇಳಿಸುತ್ತಿದ್ದರು. ಅವರಲ್ಲಿ ವಯಸ್ಸಾದವರೇ ಜಾಸ್ತಿ. ನಮ್ಮ ಸಿಪಾಯಿಗಳ ಮಾತಾಡುವಾಗ ಇವರನ್ನೂ ಮರೆಯಬಾರದು.

ಸೋಲ್‌ನ ಯುದ್ಧ ಸ್ಮಾರಕದವರು 2020ರ ಜುಲೈ ತಿಂಗಳ ‘ಕೊರಿಯಾ ಯುದ್ಧ ವೀರ’ ಅಂತ ರಂಗರಾಜ್ ಅವರನ್ನು ಗುರುತಿಸಿದ್ದರು. ಇಲ್ಲಿನ ಹಿರಿಯರಿಗೆ ಭಾರತದ ಡಾಕ್ಟರುಗಳ ನೆನಪು ಇದೆ ಅನ್ನುವುದೇ ಹೆಮ್ಮೆ.

ಶಿವಮೊಗ್ಗ ಡಾಕ್ಟರ್

ಕೊರಿಯಾದ ಗುಡ್ಡ, ಹೊಳೆ ಅಂದಾಗ ನೆನಪಾಯಿತು. 1951ರಲ್ಲಿ ಅಲ್ಲಿನ ಪಡೆಗಳಲ್ಲಿ ವಿಚಿತ್ರ ಜ್ವರ ಕಾಣಿಸಿಕೊಂಡಿತು. ಜ್ವರ, ಮೈಮೇಲೆ ರಕ್ತದ ಚುಕ್ಕೆ, ಆಮೇಲೆ ಮೂತ್ರಪಿಂಡ ಕೈಕೊಡುವುದು. 3,000ಕ್ಕೂ ಹೆಚ್ಚು ವಿಶ್ವಸಂಸ್ಥೆ ಸೈನಿಕರಿಗೆ ಬಂತು. ಕಾರಣ ಗೊತ್ತಾದದ್ದು 1970ರ ದಶಕದಲ್ಲಿ, ಕೊರಿಯಾದ ವಿಜ್ಞಾನಿ ಹೋ ವಾಂಗ್ ಲೀ ಅವರಿಂದ. ಹೊಲದ ಇಲಿಯಿಂದ ಹರಡುವ ವೈರಸ್ಸು. ಹಂತಾನ್ ನದಿಯ ಹೆಸರನ್ನೇ ಅದಕ್ಕೆ ಇಟ್ಟರು. ಹಂತಾ ವೈರಸ್ ಅಂತ ಕೇಳಿರುತ್ತೀರಿ.

ಅದಕ್ಕೆ ಆಗ ಔಷಧಿ ಇರಲಿಲ್ಲ. ಇದ್ದದ್ದು ಆರೈಕೆ. ರೋಗಿಗೆ ಹೋದ ನೀರೆಷ್ಟು, ಮೂತ್ರವಾಗಿ ಬಂದದ್ದೆಷ್ಟು ಅಂತ ಗಂಟೆಗಂಟೆಗೂ ಅಳೆದು ಬರೆಯಬೇಕು. ಒಂದು ದಿನ ನೀರು ಜಾಸ್ತಿಯಾದರೆ ಶ್ವಾಸಕೋಶ ತುಂಬುತ್ತದೆ, ಇನ್ನೊಂದು ದಿನ ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ. ಮೂತ್ರದ ಬಾಟಲಿ ಹಿಡಿದು ಅಳೆಯುವ ಕೆಲಸಕ್ಕೆ ಯಾವ ಪದಕವೂ ಇಲ್ಲ. ಆದರೆ ಆ ಲೆಕ್ಕ ತಪ್ಪಿದರೆ ರೋಗಿ ಉಳಿಯುತ್ತಿರಲಿಲ್ಲ.

ಕೊಡಗಿನ ಕುಡಿ

ನಮ್ಮ ಜನರಲ್ ತಿಮ್ಮಯ್ಯ ಅವರ ಹೆಸರು ಇನ್ನೂ ಬರಲಿಲ್ಲವಲ್ಲ! 1953ರ ಜುಲೈನಲ್ಲಿ ಕದನವಿರಾಮ ಆದ ಮೇಲೆ, ಊರಿಗೆ ವಾಪಸ್ ಹೋಗಲು ಒಪ್ಪದ ಯುದ್ಧಕೈದಿಗಳ ವಿಚಾರ ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಕೈಕೆಳಗೆ ಭಾರತದ ದೊಡ್ಡ ಪಡೆ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಬಾರದು ಅಂದುಬಿಟ್ಟರು. ಹೀಗಾಗಿ ಇಂಚಾನ್ ಬಳಿಯ ಹಡಗುಗಳಿಂದ ಹೆಲಿಕಾಪ್ಟರಿನಲ್ಲೇ ಅಷ್ಟೂ ಜನರನ್ನು ಗಡಿಯ ಸೈನ್ಯಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. 22,000ಕ್ಕೂ ಹೆಚ್ಚು ಕೈದಿಗಳು. ತಮ್ಮತಮ್ಮಲ್ಲೇ ಹೊಡೆದಾಟ, ಕಾವಲಿನವರ ಮೇಲೆ ಕಲ್ಲು. ಅಲ್ಲಿಯೂ ಗಾಯ ನೋಡಿದವರು ನಮ್ಮ ವೈದ್ಯಕೀಯ ದಳದವರು.

ಮಡಿಕೇರಿಗೆ ಬಂದರೆ ‘ಸನ್ನಿ ಸೈಡ್’ ಮನೆ ನೋಡಿ. ತಿಮ್ಮಯ್ಯನವರ ಮನೆ ಈಗ ಸಂಗ್ರಹಾಲಯ ಆಗಿದೆ.

ದಾವಣಗೆರೆ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ಸೋದರಮಾವ ಸೇನೆಯ ‘ಮೆಡಿಕಲ್’ನಲ್ಲಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಅದಕ್ಕಿಂತ ಜಾಸ್ತಿ ಯಾರಿಗೂ ಗೊತ್ತಿಲ್ಲ. ಅವರು ಮಾತಾಡುತ್ತಲೂ ಇರಲಿಲ್ಲವಂತೆ. ಅಮ್ಮನ ಟ್ರಂಕಿನಲ್ಲಿ ಅವರ ಎರಡು ಪದಕ ಇವೆ. ಒಂದರ ರಿಬ್ಬನ್ನು ತಿಳಿನೀಲಿ, ಬಿಳಿ ಸಣ್ಣ ಸಣ್ಣ ಗೆರೆ. ಮೇಲೊಂದು ಪಟ್ಟಿಯಲ್ಲಿ ಕೊರಿಯಾ ಅಂತ ಇಂಗ್ಲಿಷಿನಲ್ಲಿದೆ. ಇದರಿಂದ ಏನಾದರೂ ತಿಳಿಯುತ್ತದಾ?

ಬೆಳಗಾವಿ ಫೌಜಿ

ಅಕ್ಕಾ, ನೀಲಿ ಬಿಳಿ ಗೆರೆಯದ್ದು ವಿಶ್ವಸಂಸ್ಥೆಯ ಕೊರಿಯಾ ಪದಕ. ಇನ್ನೊಂದು ವಿದೇಶ ಸೇವಾ ಪದಕ ಇರಬಹುದು. 1960ರಲ್ಲಿ ಶುರು ಮಾಡಿದ್ದು, ಕೊರಿಯಾಕ್ಕೆ ಹೋಗಿ ಬಂದವರಿಗೂ ಕೊಟ್ಟರು. ಪದಕವನ್ನು ಬ್ರಾಸೋ ಹಾಕಿ ತಿಕ್ಕಬೇಡಿ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ನಂಬರು, ಹೆಸರು ಕೊರೆದಿರುವುದುಂಟು. ಆ ಆರ್ಮಿ ನಂಬರೇ ಎಲ್ಲದಕ್ಕೂ ಕೀಲಿ.

ನಂಬರು ಸಿಕ್ಕರೆ ಲಖನೌದ ಎಎಂಸಿ ರೆಕಾರ್ಡ್ಸ್‌ಗೆ ಪತ್ರ ಬರೆಯಬಹುದು. ಸಂಬಂಧ ತೋರಿಸುವ ದಾಖಲೆ ಜೊತೆಗಿಡಿ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಯಲ್ಲಿ ಕೇಳಿದರೆ ಅರ್ಜಿ ಬರೆಯಲು ನೆರವಾಗುತ್ತಾರೆ. ಹಳೆಯ ಸೇವಾ ಪುಸ್ತಕಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುವ ಪದ್ಧತಿ ಇದೆ, ಆದ್ದರಿಂದ ಪೂರ್ತಿ ವಿವರ ಸಿಗದೇ ಹೋಗಬಹುದು. ಲಾಂಗ್ ರೋಲ್ ಅನ್ನುವ ರಿಜಿಸ್ಟರಿನಲ್ಲಿ ಸೇರಿದ ದಿನ, ಬಿಟ್ಟ ದಿನ ಮಾತ್ರ ಉಳಿದಿರುತ್ತದೆ. ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕ, ಪೆನ್ಷನ್ ಪತ್ರ, ಹಳೇ ಫೋಟೋ ಇದ್ದರೆ ಫೋಟೋದ ಹಿಂಬದಿಯನ್ನೂ ನೋಡಿ.

ಮಂಡ್ಯದ ಮೇಷ್ಟ್ರು

ಅಕ್ಕಾ, ಸಿಕ್ಕಿದ್ದನ್ನು ಇಲ್ಲಿಯೂ ಬರೆಯಿರಿ. ಮನೆಯಲ್ಲಿ ಹಿರಿಯರು ಇರುವಾಗಲೇ ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಧಿಕಾರಿಗಳು ನೆನಪು ಬರೆದಿಟ್ಟರು, ಸಿಪಾಯಿಗಳು ಬರೆಯಲಿಲ್ಲ. ಅವರ ಚರಿತ್ರೆ ಇರುವುದೇ ನಿಮ್ಮಂಥವರ ಮನೆಯ ಟ್ರಂಕುಗಳಲ್ಲಿ.

ಧಾರವಾಡ ವಾಚನಾಲಯ

ತಡವಾಗಿ ಬಂದೆ. ಈ ಸಿಪಾಯಿಗಳ ಬೇರು ಬಹಳ ಹಿಂದಿನದು ಅಂತ ಸೇರಿಸುತ್ತೇನೆ. ಬ್ರಿಟಿಷರ ಕಾಲದ ಸೈನ್ಯದಲ್ಲಿ ಗಾಯಾಳುಗಳನ್ನು ಡೋಲಿಯಲ್ಲಿ ಹೊರುವವರು ಇದ್ದರು. ಅವರನ್ನು ಸೈನಿಕರು ಅಂತಲೇ ಎಣಿಸುತ್ತಿರಲಿಲ್ಲ, ಪಡೆಯ ಹಿಂದೆ ಬರುವ ಆಳುಗಳ ಲೆಕ್ಕ. ಆರ್ಮಿ ಬೇರರ್ ಕೋರ್ ಆಗಿ, 1920ರಲ್ಲಿ ಇಂಡಿಯನ್ ಹಾಸ್ಪಿಟಲ್ ಕೋರ್‌ಗೆ ಸೇರಿ, ಕೊನೆಗೆ 1943ರ ಏಪ್ರಿಲ್ 3ರಂದು ಡಾಕ್ಟರು, ಸಹಾಯಕರು, ಹೊರುವವರು ಎಲ್ಲರೂ ಒಂದೇ ದಳದ ಕೆಳಗೆ ಬಂದರು. ಅದೇ ಇವತ್ತಿನ ಆರ್ಮಿ ಮೆಡಿಕಲ್ ಕೋರ್. ಹೊರುವವನಿಗೂ ಡಾಕ್ಟರಿಗೂ ಒಂದೇ ಬ್ಯಾಡ್ಜು ಸಿಕ್ಕಿದ್ದು ಆವತ್ತು. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ದಿನ.

ಗಾಂಧೀಜಿ ಕೂಡ ಈ ಕೆಲಸ ಮಾಡಿದವರು. 1899ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದರು. ಅವರಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳು. ಸ್ಪಿಯಾನ್ ಕೋಪ್ ಕದನದಲ್ಲಿ ಗುಂಡಿನ ವ್ಯಾಪ್ತಿಯೊಳಗೇ ಹೋಗಿ ಗಾಯಾಳುಗಳನ್ನು ಹೊತ್ತು ತಂದರು. ಆ ಸೇವೆಗೆ ಬಂದ ಪದಕವನ್ನು ಗಾಂಧೀಜಿ 1920ರಲ್ಲಿ ಅಸಹಕಾರದ ಹೊತ್ತಿಗೆ ವಾಪಸ್ ಕೊಟ್ಟರು.

ತುಮಕೂರು ಓದುಗ

ಮೊದಲು ನಾನು ಕೇಳಿದ ಪ್ರಶ್ನೆಗೆ ಈಗ ನಾನೇ ಉತ್ತರ ಕೊಡುವಷ್ಟು ತಿಳಿದುಕೊಂಡೆ. ಈ 60ನೇ ಘಟಕ ಈಗಲೂ ಇದೆಯಾ?

ಬೆಳಗಾವಿ ಫೌಜಿ

ಇದೆ. ಆಗ್ರಾದಲ್ಲಿ, 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್ ಅಂತ. 2015ರಲ್ಲಿ ನೇಪಾಳದ ಭೂಕಂಪಕ್ಕೆ ಹೋಗಿತ್ತು. 2023ರ ಫೆಬ್ರವರಿಯಲ್ಲಿ ಟರ್ಕಿ ಭೂಕಂಪ ಆದಾಗ 99 ಜನ ಇಸ್ಕೆಂದೆರುನ್ ಊರಿನಲ್ಲಿ ಆಸ್ಪತ್ರೆ ತೆರೆದರು. ಟಿವಿಯಲ್ಲಿ ನೋಡಿರುತ್ತೀರಿ.

ಹಾವೇರಿ ಹುಡುಗ

ಅಣ್ಣಾ, ನಾನು ಪಿಯುಸಿ ಎರಡನೇ ವರ್ಷ, ಸೈನ್ಸ್. ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಬೇಕು ಅಂತ ಆಸೆ. ಏನು ಮಾಡಬೇಕು? ರಕ್ತ ನೋಡಿದರೆ ಸ್ವಲ್ಪ ಭಯ, ಅದು ಹೋಗುತ್ತದಾ?

ಬೆಳಗಾವಿ ಫೌಜಿ

ತಮ್ಮಾ, ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು. ಒಟ್ಟಾರೆ ಅಂಕ, ಪ್ರತಿ ವಿಷಯದ ಅಂಕ ಎರಡನ್ನೂ ನೋಡುತ್ತಾರೆ, ಅದಕ್ಕೆ ಯಾವ ವಿಷಯವನ್ನೂ ಬಿಟ್ಟುಕೊಡಬೇಡ. ಆ ವರ್ಷದ ನಿಯಮ ಏನು ಅಂತ ಸೇನೆಯ ಅಧಿಕೃತ ಜಾಹೀರಾತಿನಲ್ಲೇ ಓದು. ದುಡ್ಡು ಕೊಟ್ಟರೆ ಸೇರಿಸುತ್ತೇನೆ ಅನ್ನುವವರ ಹತ್ತಿರವೂ ಸುಳಿಯಬೇಡ. ಓಟ ಇವತ್ತಿನಿಂದಲೇ ಶುರು ಮಾಡು. ಆಯ್ಕೆಯಾದರೆ ಲಖನೌದಲ್ಲಿ ಮೊದಲು ಸಿಪಾಯಿ ತರಬೇತಿ, ಆಮೇಲೆ ಆಸ್ಪತ್ರೆ ಕೆಲಸದ ತರಬೇತಿ.

ರಕ್ತದ ಭಯ ನನಗೂ ಇತ್ತು. ಕೈಗೆ ಕೆಲಸ ಬಂದ ಕೂಡಲೇ ಕಡಿಮೆಯಾಗುತ್ತದೆ, ಏಕೆಂದರೆ ಆಗ ನೀನು ರಕ್ತ ನೋಡುತ್ತಿರುವುದಿಲ್ಲ, ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತಿರುತ್ತೀಯ. ಪರೀಕ್ಷೆ ಮುಗಿದ ಮೇಲೆ ಇಲ್ಲೇ ಒಂದು ಮೆಸೇಜ್ ಹಾಕು. ಉಳಿದದ್ದು ಮಾತಾಡೋಣ.